ಫುಟ್‌ಪಾತ್ ಅಳೆಯಲು ನನ್ನ 60 ಇಂಚಿನ ಟೇಪೇ ಸಾಕಾಯಿತು: ಪೌರಾಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ.

ನಾನು ಹಳೇ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವವಳು. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ, ಕುಚ್ಚು ಕಟ್ಟಿಸಿಕೊಡುತ್ತೇನೆ. ಮೇಡಂ, ನೀವು ಈ ಊರಿಗೆ ಬಂದು ನಾಲ್ಕು ತಿಂಗಳಾಯಿತು. ನಾನು ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಬೆಂಗಳೂರಿನ ಸುತ್ತಮುತ್ತ ಬೆಳೆಯುತ್ತಿರುವ ಯಾವ ಊರಿನವರು ಓದಿದರೂ ತಮ್ಮೂರಿನ ಬಗ್ಗೆಯೇ ಬರೆದಿದ್ದಾಳೆ ಎಂದುಕೊಳ್ಳುತ್ತಾರೆ.

ಈ ವೈಶಾಖದಲ್ಲಿ ನಾನು ಬಿದ್ದೆ. ಮದುವೆ ಸೀಸನ್, ಅಂಗಡಿ ತುಂಬ ಬಟ್ಟೆ. ಗುಂಡಿ, ಹುಕ್ಕು ತರಲೆಂದು ನಾಲ್ಕು ಅಂಗಡಿ ಆಚೆಗೆ ಹೊರಟಿದ್ದೆ. ಚರಂಡಿ ಮೇಲಿನ ಚಪ್ಪಡಿ ಅಲ್ಲಾಡಿತು, ಬಲಗೈ ಊರಿಬಿಟ್ಟೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಕತ್ತರಿ ಹಿಡಿಯುವ ಕೈ ಆರು ವಾರ ಪಟ್ಟಿಯೊಳಗೆ. ಒಪ್ಪಿಕೊಂಡಿದ್ದ ಬ್ಲೌಸುಗಳನ್ನೆಲ್ಲ ಬೇರೆ ಟೈಲರ್‌ಗೆ ಕೊಟ್ಟೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅಲ್ಲೇ ಉಳಿದುಬಿಟ್ಟರು. ಅವರದೇನೂ ತಪ್ಪಿಲ್ಲ ಬಿಡಿ, ಆ ಟೈಲರ್ ಕೈ ಚೆನ್ನಾಗಿದೆ.

ಪಟ್ಟಿ ಬಿಚ್ಚುವ ಹೊತ್ತಿಗೆ ಆಷಾಢ. ಮದುವೆ ಇಲ್ಲ, ಕೆಲಸವೂ ಕಡಿಮೆ. ಸುಮ್ನೆ ಕೂರುವುದಕ್ಕಿಂತ ಅಂತ ಟೇಪು ಕುತ್ತಿಗೆಗೆ ಹಾಕಿಕೊಂಡು ರಸ್ತೆ ಅಳೆಯಲು ಹೊರಟೆ. ಅಂಗಡಿಯಿಂದ ಹೈಸ್ಕೂಲಿನವರೆಗೆ 43 ಜಾಗದಲ್ಲಿ ಅಳೆದೆ. ಜನ ನಕ್ಕರು. “ಏನಕ್ಕಾ, ರೋಡಿಗೆ ಬ್ಲೌಸ್ ಹೊಲಿತೀಯಾ?” ಅಂದರು.

ನನ್ನ ಟೇಪು 60 ಇಂಚಿನದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ರಸ್ತೆ ಎಂಜಿನಿಯರುಗಳ ಸಂಸ್ಥೆ ಇದೆ, 1934ರಿಂದಲೂ ಇದೆ. ನಡೆಯುವವರಿಗೆ ಏನೇನು ಸೌಲಭ್ಯ ಇರಬೇಕು ಅಂತ ಅದು 1988ರಲ್ಲೇ ಒಂದು ಮಾರ್ಗಸೂಚಿ ತಂದಿತು. 2012ರಲ್ಲಿ ತಿದ್ದಿ ಮತ್ತೆ ಹೊರಡಿಸಿತು. ಐಆರ್‌ಸಿ 103 ಅಂತ ಅದರ ನಂಬರು. ನಡೆಯಲು ಯಾವ ಅಡ್ಡಿಯೂ ಇಲ್ಲದ 1.8 ಮೀಟರ್ ಅಗಲ ಬೇಕು ಅನ್ನುತ್ತದೆ ಅದು. ಅಂಗಡಿ ಸಾಲಿನಲ್ಲಿ ಇನ್ನೂ ಜಾಸ್ತಿ. 1.8 ಮೀಟರ್ ಅಂದರೆ ನನ್ನ ಲೆಕ್ಕದಲ್ಲಿ 71 ಇಂಚು. ಅಂದರೆ ನನ್ನ ಟೇಪು ಪ್ರತಿ ಸಲವೂ 11 ಇಂಚು ಸಾಲದೆ ಬರಬೇಕಿತ್ತು. 43 ಜಾಗದಲ್ಲಿ ಒಂದು ಕಡೆಯೂ ಸಾಲದೆ ಬರಲಿಲ್ಲ. ಅತಿ ಅಗಲದ ಜಾಗ 52 ಇಂಚು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ 9 ಇಂಚು. ಒಂಬತ್ತು ಇಂಚಿನಲ್ಲಿ ನಾನಲ್ಲ, ನನ್ನ ಹೊಲಿಗೆ ಮಿಷಿನ್ನೂ ಹೋಗುವುದಿಲ್ಲ.

ಎತ್ತರದ್ದು ಇನ್ನೊಂದು ಕತೆ. ಫುಟ್‌ಪಾತ್ ರಸ್ತೆಯಿಂದ 15 ಸೆಂಟಿಮೀಟರಿಗಿಂತ, ಅಂದರೆ ಸುಮಾರು 6 ಇಂಚಿಗಿಂತ ಎತ್ತರ ಇರಬಾರದು ಅನ್ನುತ್ತದೆ ಅದೇ ಪುಸ್ತಕ. ನಮ್ಮ ರಸ್ತೆಯಲ್ಲಿ 14 ಇಂಚಿದೆ, ಒಂದು ಕಡೆ 17. ನಮ್ಮತ್ತೆಗೆ 78 ವರ್ಷ, ಎರಡೂ ಮಂಡಿ ನೋವು. ಅವರಿಗೆ 17 ಇಂಚು ಹತ್ತುವುದೂ ಒಂದೇ, ಬೆಟ್ಟ ಹತ್ತುವುದೂ ಒಂದೇ. ಹತ್ತಿದ ಮೇಲಾದರೂ ನೆಟ್ಟಗೆ ನಡೆಯಬಹುದಾ ಅಂದರೆ ಅದೂ ಇಲ್ಲ. ಪ್ರತಿ ಮನೆ ಗೇಟಿಗೂ ಕಾರು ಹತ್ತಿಸಲು ಇಳಿಜಾರು ಮಾಡಿದ್ದಾರೆ. ಇಪ್ಪತ್ತು ಹೆಜ್ಜೆಗೊಮ್ಮೆ ಇಳಿ, ಮತ್ತೆ ಹತ್ತು. ಹಾಗಾಗಿ ಎಲ್ಲರೂ ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ ಬೈಕಿನವನು ಬೈಯುತ್ತಾನೆ, “ಫುಟ್‌ಪಾತ್ ಇಲ್ವೇನಮ್ಮಾ?” ಅಂತ.

ನಿಜ ಹೇಳಬೇಕೆಂದರೆ ಇಲ್ಲ. ಅದು ಫುಟ್‌ಪಾತ್ ಅಲ್ಲ, ಚರಂಡಿ ಮುಚ್ಚಳ. ನಮ್ಮಲ್ಲಿ ಚರಂಡಿ ಕಟ್ಟುವಾಗ ಮೇಲೆ ಚಪ್ಪಡಿ ಮುಚ್ಚುತ್ತಾರೆ, ಆ ಚಪ್ಪಡಿಗೆ ಫುಟ್‌ಪಾತ್ ಅಂತ ಹೆಸರಿಡುತ್ತಾರೆ. ಚರಂಡಿ ಎಷ್ಟು ಅಗಲವೋ ಫುಟ್‌ಪಾತೂ ಅಷ್ಟೇ ಅಗಲ. ನೀರಿನ ಅಳತೆಗೆ ಕಟ್ಟಿದ್ದರ ಮೇಲೆ ಮನುಷ್ಯರು ನಡೆಯಬೇಕು. ಬೇರೆಯವರ ಅಳತೆಗೆ ಹೊಲಿದ ಬ್ಲೌಸ್ ನಮಗೆ ಆಗುತ್ತದಾ? ಹೂಳೆತ್ತಲು ಚಪ್ಪಡಿ ತೆಗೆಯುತ್ತಾರೆ, ತಿರುಗಿ ಇಡುವಾಗ ಮೊದಲಿನ ಹಾಗೆ ಕೂರುವುದಿಲ್ಲ. ನನ್ನ ಕೈಗೆ ಪಟ್ಟಿ ಬಿದ್ದಿದ್ದು ಹಾಗೆ.

ನಾನು ಬಿದ್ದಿದ್ದು ಫುಟ್‌ಪಾತ್ ಮೇಲೆ, ಅದಕ್ಕೇ ಬರೀ ಕೈ ಹೋಯಿತು. ರಸ್ತೆಗಿಳಿದವರ ಕತೆ ಬೇರೆ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು. ಹೆಲ್ಮೆಟ್ ಹಾಕಿ ಅಂತ ಇವರಿಗೆ ಹೇಳುವಂತಿಲ್ಲ, ಸೀಟ್ ಬೆಲ್ಟ್ ಕಟ್ಟಿ ಅನ್ನುವಂತಿಲ್ಲ. ಇವರಿಗೆ ಕೊಡಬಹುದಾಗಿದ್ದು ನಡೆಯುವುದಕ್ಕೆ ಒಂದು ಜಾಗ, ಅಷ್ಟೇ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಲ್ಲಿರುವ ಜೀವಿಸುವ ಹಕ್ಕಿಗೇ ಸೇರಿದ್ದು, ಅಂಗವಿಕಲರೂ ಅದರ ಮೇಲೆ ಓಡಾಡುವಂತಿರಬೇಕು ಅಂತ. ನಿಮಗೆ ಗೊತ್ತಿರುವ ವಿಷಯವೇ. ನಮ್ಮ ಅಕ್ಕಪಕ್ಕದವರೂ ಈ ಪತ್ರ ಓದುತ್ತಾರಲ್ಲ, ಅದಕ್ಕೆ ಬರೆದೆ.

ಇಷ್ಟು ಹೇಳಿದ ಮೇಲೆ, ಮೇನ್ ರೋಡಿಗೆ ಹೊಸ ಟೈಲ್ಸ್ ಹಾಕಿಸಿ ಅಂತ ಕೇಳುತ್ತೇನೆ ಎಂದುಕೊಂಡಿರಬಹುದು. ಇಲ್ಲ. ಟೈಲ್ಸ್ ಆಮೇಲೆ. ನನ್ನ ತಲೆ ಕೊರೆಯುತ್ತಿರುವುದು ಬೇರೆ ವಿಷಯ.

ಹೈಸ್ಕೂಲಿಗೆ ನಮ್ಮ ಕೇರಿಯಿಂದ ಈಗ 1.7 ಕಿಲೋಮೀಟರ್. ಮಗ ಮೊಬೈಲಿನಲ್ಲಿ ನೋಡಿ ಹೇಳಿದ. ಅದರಲ್ಲಿ 600 ಮೀಟರಿನಷ್ಟು ಹೈವೇಯ ಸರ್ವಿಸ್ ರೋಡ್. ಅಲ್ಲಿ ಫುಟ್‌ಪಾತೇ ಇಲ್ಲ. ಎದುರಿನಿಂದ ರಾಂಗ್ ಸೈಡಲ್ಲಿ ನೀರಿನ ಟ್ಯಾಂಕರ್ ಬರುತ್ತದೆ. ಇದನ್ನು ಅತ್ತೆಗೆ ಹೇಳಿದರೆ ಅವರು ನಂಬಲೇ ಇಲ್ಲ. “ಅದೆಂಥ 1.7? ತೋಟದ ಬೇಲಿ ಪಕ್ಕ ಹೋಗಿ, ಕಾಲುವೆ ದಾಟಿ, ಮಾರಮ್ಮನ ಗುಡಿ ಹಿಂದಿನಿಂದ ಹತ್ತಿದರೆ ಸ್ಕೂಲು. ಬಾಯಿಗೆ ಎಲೆಅಡಿಕೆ ಹಾಕ್ಕೊಂಡು ಹೊರಟರೆ ಉಗಿಯೋದ್ರೊಳಗೆ ಅಲ್ಲಿರ್ತಿದ್ವಿ” ಅಂದರು.

ಎಲೆಅಡಿಕೆ ಲೆಕ್ಕವನ್ನು ಪರೀಕ್ಷೆ ಮಾಡೋಣ ಅಂತ ಸರ್ವೆ ಕಚೇರಿಯಲ್ಲಿ ಹಳೆಯ ಗ್ರಾಮ ನಕ್ಷೆಯ ಪ್ರತಿ ತೆಗೆಸಿದೆ. ಈಗ ಇಂಟರ್‌ನೆಟ್ಟಿನಲ್ಲೂ ಸಿಗುತ್ತವಂತೆ. ಆ ನಕ್ಷೆಯಲ್ಲಿ 1 ಇಂಚು ಅಂದರೆ ನೆಲದ ಮೇಲೆ 660 ಅಡಿ. ಇಂಚಿನ ಲೆಕ್ಕ ಅಂದರೆ ನನಗೆ ಹಬ್ಬ. ಚುಕ್ಕಿ ಚುಕ್ಕಿ ಗೆರೆಯಲ್ಲಿ ಕಾಲುದಾರಿ ಕಾಣಿಸಿತು. ನಮ್ಮ ಕೇರಿಯಿಂದ ಹೊರಟು, ಹಳ್ಳ ದಾಟಿ, ಗುಡಿ ಹಿಂದೆ ಹೋಗಿ, ಈಗ ಹೈಸ್ಕೂಲ್ ಇರುವ ಗೋಮಾಳ ಮುಟ್ಟುತ್ತದೆ. ಟೇಪು ಇಟ್ಟೆ. ಎರಡು ಇಂಚು. 1,320 ಅಡಿ, ಅಂದರೆ 400 ಮೀಟರ್. ಅತ್ತೆ ಗೆದ್ದರು.

ಇಂಥ ದಾರಿಗೆ ಹಳ್ಳಿಯಲ್ಲಿ “ನಕಾಶೆ ಕಂಡ ದಾರಿ” ಅನ್ನುತ್ತಾರೆ. ಹೊಲದ ಜಗಳದಲ್ಲಿ ಈ ಮಾತಿಗೆ ಎಷ್ಟು ತೂಕ ಇದೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಒಂದು ದಿನ ಕೂತವರಿಗೆ ಗೊತ್ತು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹಳ್ಳ, ಇವೆಲ್ಲ ಸರ್ಕಾರದ ಸ್ವತ್ತು. ಪಹಣಿಯಲ್ಲಿ ಬಿ ಖರಾಬ್ ಅಂತ ತೋರಿಸುವುದು ಇಂಥ ಜಾಗವನ್ನೇ. ಹೊಲ ಯಾರಿಗೆ ಮಾರಿದರೂ ದಾರಿ ಮಾರಿದಂತಾಗುವುದಿಲ್ಲ. ಆದರೆ ಹೊಲ ಹೋಗಿ ಸೈಟು ಆಗುವಾಗ ನಮ್ಮಲ್ಲಿ ದಾರಿ ಮಾಯ ಆಯಿತು. ಆ ಗೆರೆಯ ಮೇಲೆ ಈಗ ಮೂರು ಲೇಔಟ್ ಇವೆ. ಒಂದೊಂದರ ಒಳಗೂ 30 ಅಡಿ ರಸ್ತೆ, ಹೊಂಗೆ ಮರ, ಚೆಂದದ ಪಾರ್ಕು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮಾತ್ರ ಹೈವೇಗೆ ಬಂದು ಸುತ್ತು ಹಾಕಬೇಕು. ತೋಳು ಕತ್ತರಿಸಿದ್ದೇವೆ, ಮುಂಭಾಗ ಕತ್ತರಿಸಿದ್ದೇವೆ, ಬೆನ್ನು ಕತ್ತರಿಸಿದ್ದೇವೆ. ಜೋಡಿಸಿ ಹೊಲಿದೇ ಇಲ್ಲ.

ಜನ ತಾವೇ ಒಂದು ಹೊಲಿಗೆ ಹಾಕಿದ್ದರು. ಗುಡಿ ಹಿಂದಿನ ಕಾಂಪೌಂಡಿನಲ್ಲಿ ಯಾರೋ ನಾಲ್ಕೈದು ಬ್ಲಾಕ್ ಕಿತ್ತು ತೂರುವಷ್ಟು ಜಾಗ ಮಾಡಿದ್ದರು. ಮಕ್ಕಳು ಅದನ್ನು ಕನಕನ ಕಿಂಡಿ ಅನ್ನುತ್ತಿದ್ದರು. ಎರಡು ವರ್ಷ ಇಡೀ ಕೇರಿ ಅದರಲ್ಲೇ ಓಡಾಡಿತು. ಮನೆಗೆಲಸಕ್ಕೆ ಹೋಗುವ ಹೆಂಗಸರು, ಹಾಲಿನವನು, ಟ್ಯೂಷನ್ ಮಕ್ಕಳು, ನನ್ನ ಅಂಗಡಿಗೆ ಬರುವ ಗಿರಾಕಿಗಳು. ಹೋದ ವರ್ಷ ಲೇಔಟಿನವರು ಸಿಮೆಂಟ್ ಹಾಕಿ ಮುಚ್ಚಿ, ಮೇಲೆ ಗಾಜಿನ ಚೂರು ನೆಟ್ಟರು. ಅವರಿಗೆ ಕಳ್ಳರ ಭಯ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ, ಒಂದು ಮನೆಯಲ್ಲಿ ನಿಜವಾಗಿಯೂ ಕಳ್ಳತನ ಆಗಿತ್ತು. ಆದರೆ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಓಡುವ ಮಕ್ಕಳಿಂದ ಯಾರ ಮನೆ ಬೀಗ ಒಡೆಯುತ್ತದೆ? ಆರಡಿಯ ದಾರಿ ಬಿಟ್ಟು, ಬೈಕ್ ನುಗ್ಗದಂತೆ ಕಂಬ ನೆಟ್ಟು, ಎರಡು ಲೈಟ್ ಹಾಕಿ. ಗಾಲಿಕುರ್ಚಿ ದಾಟುವಷ್ಟು ಜಾಗ ಕಂಬಗಳ ಮಧ್ಯೆ ಇರಲಿ. ರಾತ್ರಿ ಹತ್ತಕ್ಕೆ ಗೇಟು ಹಾಕಿಕೊಳ್ಳುತ್ತೇವೆ ಅಂದರೂ ಆಯಿತು, ನಾವು ಒಪ್ಪುತ್ತೇವೆ. ಅನುಮೋದನೆ ಆದ ಲೇಔಟಿನ ರಸ್ತೆ, ಪಾರ್ಕುಗಳನ್ನು ಬರೆದು ಬಿಟ್ಟುಕೊಡಬೇಕು ಅಂತ ನಿಯಮ ಇದೆ. ಬರೆದುಕೊಟ್ಟ ಮೇಲೆ ಅದು ಊರಿನ ರಸ್ತೆ. ಕಾಂಪೌಂಡ್ ಒಳಗಿದೆ ಅನ್ನುವ ಕಾರಣಕ್ಕೆ ಸ್ವಂತದ್ದಾಗುವುದಿಲ್ಲ.

ಮಲ್ಲೇಶ್ವರದಲ್ಲಿ ನನ್ನ ತಂಗಿ ಇದ್ದಾಳೆ. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿಯ ಜೊತೆ ರೂಪುಗೊಂಡ ಬಡಾವಣೆ ಅದು. ಅಲ್ಲಿನ ಫುಟ್‌ಪಾತ್ ಬಹಳ ಚೆನ್ನಾಗಿದೆ ಅಂತಲ್ಲ, ಅಲ್ಲೂ ಎಡವುತ್ತೇವೆ. ಆದರೆ ದಾರಿಗಳಿವೆ. ಯಾವ ಕ್ರಾಸ್ ಹಿಡಿದರೂ ಸಂಪಿಗೆ ರಸ್ತೆಗೋ ಮಾರ್ಗೋಸಾ ರಸ್ತೆಗೋ ಮುಟ್ಟುತ್ತೀರಿ. ಮನೆಗಳ ಹಿಂದೆ, ಕಸ ಸಾಗಿಸಲು ಅಂತ ಆಗ ಬಿಟ್ಟಿದ್ದ ಕನ್ಸರ್ವೆನ್ಸಿ ಓಣಿಗಳಿವೆ. ಒಂದು ಕಡೆ ಗುಂಡಿ ತೋಡಿದ್ದರೆ ಇನ್ನೊಂದು ಕಡೆಯಿಂದ ಹೋಗಬಹುದು. ತಂಗಿ ತರಕಾರಿಗೆ, ದೇವಸ್ಥಾನಕ್ಕೆ, ಬಸ್ಸಿಗೆ ಎಲ್ಲಕ್ಕೂ ನಡೆದೇ ಹೋಗುತ್ತಾಳೆ, ಅದನ್ನವಳು ವಾಕಿಂಗ್ ಅನ್ನುವುದೂ ಇಲ್ಲ. ನಮ್ಮೂರಿನಲ್ಲಿ ಕೆರೆ ಏರಿ ಮೇಲೆ ಚೆಂದದ ವಾಕಿಂಗ್ ಟ್ರ್ಯಾಕ್ ಮಾಡಿದ್ದಾರೆ. ಜನ ಕಾರಿನಲ್ಲಿ ಬಂದು, ನಿಲ್ಲಿಸಿ, ನಾಲ್ಕು ಸುತ್ತು ನಡೆದು, ಕಾರಿನಲ್ಲೇ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಒಂಬತ್ತಾದರೆ ಗೇಟಿಗೆ ಬೀಗ. ಆ ಏರಿಯ ಎರಡೂ ತುದಿ ತೆರೆದಿಟ್ಟರೆ ಆಚೆ ದಡದ ಆಸ್ಪತ್ರೆಗೆ ಅದೇ ಹತ್ತಿರದ ದಾರಿ. ನಡೆಯುವುದು ಸುತ್ತು ಹಾಕಲು ಮಾತ್ರ ಅಂತ ಯಾರು ತೀರ್ಮಾನ ಮಾಡಿದರೋ!

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ನನ್ನ ಬಳಿ ಕೆಲಸಕ್ಕೆ ಬರುವ ಇಬ್ಬರು ಹುಡುಗಿಯರೂ ಆಮೇಲೆ ಬಸ್ಸಿನಲ್ಲೇ ಬರುತ್ತಾರೆ. ಹದಿನೆಂಟು ಕಿಲೋಮೀಟರ್ ಕಾಸಿಲ್ಲದೆ ಬಂದವರು, ಹೈವೇ ಸ್ಟಾಪಿನಿಂದ ಅಂಗಡಿಗೆ ಇರುವ ಅರ್ಧ ಕಿಲೋಮೀಟರಿಗೆ ಸಂಜೆ ಹೊತ್ತು ಆಟೋ ಹತ್ತುತ್ತಾರೆ. ಲೈಟಿದೆ. ಆದರೆ ರಸ್ತೆ ಕಡೆಗೆ ಬಾಗಿದೆ, ನಡೆಯುವ ಅಂಚು ಮರದ ನೆರಳಿನಲ್ಲಿ ಕತ್ತಲು. ಹೈವೇ ದಾಟಲು ಸ್ಕೈವಾಕ್ ಇದೆ. ಲಿಫ್ಟಿನ ಬಾಗಿಲಿಗೆ ಬೀಗ, ಮೆಟ್ಟಿಲು ಎಣಿಸಿದೆ, 46. ಗಾಡಿಯವರು ಕಾಲಿನಡಿ ಒಂದು ಪೆಡಲ್ ಒತ್ತುವ ಶ್ರಮ ಉಳಿಸಲು ಅತ್ತೆಯಂಥವರು 46 ಮೆಟ್ಟಿಲು ಹತ್ತಿ 46 ಇಳಿಯಬೇಕು. ಅವರು ಹತ್ತುವುದಿಲ್ಲ, ಡಿವೈಡರ್ ಕಂಬಿ ಸಂದಿಯಲ್ಲಿ ನುಸುಳುತ್ತಾರೆ. ಅಲ್ಲಿ ಬೇಕಿರುವುದು ಒಂದು ಸಿಗ್ನಲ್, ನೆಲದ ಮಟ್ಟದಲ್ಲೇ ದಾಟುವ ಜಾಗ. ಹೈವೇ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ನಗರಸಭೆಯಿಂದ ಒಂದು ಪತ್ರ ಹೋದರೆ ಅದಕ್ಕಿರುವ ಬೆಲೆ ನನ್ನ ಪತ್ರಕ್ಕಿಲ್ಲ.

ಈಗ ಬೀದಿ ವ್ಯಾಪಾರಿಗಳ ವಿಷಯ. ಫುಟ್‌ಪಾತ್ ಅಂದ ತಕ್ಷಣ ಎಲ್ಲರೂ ಸೊಪ್ಪಿನಜ್ಜಿ ಕಡೆಗೇ ಕೈ ತೋರಿಸುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನಾನು ಅಳೆದ 43 ಜಾಗದಲ್ಲಿ ಬುಟ್ಟಿ ಅಡ್ಡ ಬಂದಿದ್ದು ಐದು ಕಡೆ. ಕಾರು, ಬೈಕ್ ನಿಂತಿದ್ದು ಹದಿನೇಳು ಕಡೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿಗೊಂದು ಸಮಿತಿ ಮಾಡಿ, ಯಾರು ಎಲ್ಲಿ ಕೂರಬೇಕು ಅಂತ ನಿಗದಿ ಮಾಡಬೇಕು. ಸಮಿತಿಯಲ್ಲಿ ನೂರಕ್ಕೆ 40ರಷ್ಟು ವ್ಯಾಪಾರಿಗಳ ಕಡೆಯವರೇ ಇರಬೇಕು. ಮರ, ಲೈಟ್ ಕಂಬ ಇರುವ ಸಾಲಿನಲ್ಲಿ ಅವರಿಗೂ ಜಾಗ ಗುರುತು ಮಾಡಿ, ನಡೆಯುವ 71 ಇಂಚನ್ನು ಖಾಲಿ ಬಿಡಿಸಿ. ಸೊಪ್ಪಿನಜ್ಜಿ ಸಂಜೆ ಎಂಟೂವರೆಯವರೆಗೆ ಆ ಮೂಲೆಯಲ್ಲಿ ಕೂತಿರುತ್ತಾರೆ ಅಂತಲೇ ನಮ್ಮ ಕೇರಿಯ ಹುಡುಗಿಯರು ಆ ದಾರಿಯಲ್ಲಿ ಧೈರ್ಯವಾಗಿ ಬರುತ್ತಾರೆ. ಅದನ್ನು ಯಾವ ಲೈಟ್ ಕಂಬವೂ ಮಾಡುವುದಿಲ್ಲ.

ಇನ್ನು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಾನು ಅಳೆದ ಕೊನೆಯ ಜಾಗ ನನ್ನ ಅಂಗಡಿ ಮುಂದಿನದೇ. ಅಲ್ಲಿಂದಲೇ ಶುರು ಮಾಡಬೇಕಿತ್ತು, ಬೇಕೆಂದೇ ಬಿಟ್ಟು, ವಾಪಸ್ ಬರುವಾಗ ಅಳೆದೆ ಅನ್ನಿ. ನನ್ನ ಮೆಟ್ಟಿಲು ಫುಟ್‌ಪಾತ್ ಮೇಲೆ 14 ಇಂಚು ಬಂದಿದೆ. ಬ್ಲೌಸ್ ತೊಡಿಸಿ ನಿಲ್ಲಿಸುವ ಗೊಂಬೆ ಇನ್ನೊಂದು 16 ಇಂಚು. ಬೋರ್ಡಿನ ಕಂಬಿ ನೆಲದಿಂದ 5 ಅಡಿ 10 ಇಂಚಿಗೇ ಇದೆ. ತಲೆ ಮೇಲೆ 2.2 ಮೀಟರ್, ಅಂದರೆ ಏಳಡಿಗೂ ಸ್ವಲ್ಪ ಜಾಸ್ತಿ ಖಾಲಿ ಇರಬೇಕು ಅನ್ನುತ್ತದೆ ಪುಸ್ತಕ. ಪಕ್ಕದ ಮೊಬೈಲ್ ಅಂಗಡಿ ಹುಡುಗ ಎತ್ತರದವನು, ಎಷ್ಟು ಸಲ ಹಣೆ ಬಡಿಸಿಕೊಂಡಿದ್ದಾನೋ, ಒಂದು ದಿನವೂ ನನಗೆ ಹೇಳಿಲ್ಲ. ಗೊಂಬೆಯನ್ನು ಅವತ್ತೇ ಒಳಗೆ ಇಟ್ಟೆ. ಬೋರ್ಡ್ ಎತ್ತರಿಸಿದೆ. ಮೆಟ್ಟಿಲು ಒಡೆಸಲು ಮೇಸ್ತ್ರಿಗೆ ಹೇಳಿದ್ದೇನೆ. ಆದರೆ ಫುಟ್‌ಪಾತೇ 14 ಇಂಚು ಎತ್ತರ ಇದ್ದರೆ ಮೆಟ್ಟಿಲಿಲ್ಲದೆ ಗಿರಾಕಿ ಹೇಗೆ ಬರಬೇಕು? ಅದಕ್ಕೇ ನೀವು ಇಳಿಸಿ, ನಾವು ಒಡೆಯುತ್ತೇವೆ. ಅಂಗಡಿಯವರೆಲ್ಲ ಓದಿಕೊಳ್ಳಿ, ನಾನು ನಿಮ್ಮೆಲ್ಲರ ಮೆಟ್ಟಿಲೂ ಅಳೆದಿದ್ದೇನೆ. ಹೆಸರು ಬರೆದಿಲ್ಲ, ಚೀಟಿ ನನ್ನ ಹತ್ತಿರ ಇದೆ.

ರಸ್ತೆ ಇಳಿಸುವ ವಿಷಯಕ್ಕೆ ಒಂದು ಮಾತು. ಪ್ರತಿ ಸಲ ಹಳೇ ಡಾಂಬರಿನ ಮೇಲೆಯೇ ಹೊಸ ಡಾಂಬರು ಹಾಕುತ್ತಾರೆ. ರಸ್ತೆ ಏರುತ್ತದೆ, ಮನೆಯೊಳಗೆ ನೀರು ನುಗ್ಗುತ್ತದೆ ಅಂತ ಮುಂದಿನ ಸಲ ಚರಂಡಿ ಗೋಡೆಯನ್ನೂ ಏರಿಸುತ್ತಾರೆ. ಹಳೆಯದನ್ನು ಕೆರೆದು ತೆಗೆದು ಹಾಕಿಸಿ ಅನ್ನುವುದು ನನ್ನ ಬೇಡಿಕೆ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಅಂತ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಕಡೆ ಮಾಡಿದರಲ್ಲ, ಅಲ್ಲಿ ನೀರಿನ ಪೈಪು, ಕೇಬಲ್ ಎಲ್ಲ ಫುಟ್‌ಪಾತ್ ಕೆಳಗೆ ಒಂದೊಂದಕ್ಕೂ ಜಾಗ ಮಾಡಿ ಇಟ್ಟರು. ಮತ್ತೆ ಮತ್ತೆ ರಸ್ತೆ ಅಗೆಯುವುದು ಬೇಡ ಅಂತ. ಅಷ್ಟು ದುಡ್ಡು ನಮ್ಮಲ್ಲಿಲ್ಲ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದ ಹಾಗೆ ಇಲ್ಲೂ ಹಾಸಿ ಅಂತ ನಾನು ಕೇಳುವುದೂ ಇಲ್ಲ. ಆದರೆ ಅಗೆಯುವವರೆಲ್ಲ ಒಂದೇ ಸಲ ಬಂದು ಅಗೆಯಲಿ ಅನ್ನುವುದಕ್ಕೆ ದುಡ್ಡು ಬೇಡ, ಒಂದು ಮೀಟಿಂಗ್ ಸಾಕು.

ಮೇಡಂ, ನನ್ನ ಕೋರಿಕೆ ಇಷ್ಟು. ಮುಂದಿನ ಬಜೆಟ್ಟಿಗೆ ಮೇನ್ ರೋಡಿನ ಫುಟ್‌ಪಾತ್ ಅಂದಾಜು ಪಟ್ಟಿ ಮಾಡಿಸುವ ಮುಂಚೆ, ತಹಶೀಲ್ದಾರರಿಗೆ ಬರೆದು ಸರ್ವೆಯರ್ ಕರೆಸಿ. ನಗರಸಭೆ ವ್ಯಾಪ್ತಿಗೆ ಬಂದ ಎಲ್ಲ ಹಳ್ಳಿಗಳ ನಕ್ಷೆ ತೆಗೆಸಿ, ಒಂದೊಂದು ಕಾಲುದಾರಿ, ಬಂಡಿದಾರಿ ಈಗ ಎಲ್ಲಿದೆ, ಯಾವ ಕಾಂಪೌಂಡ್ ಒಳಗೆ ಹೋಯಿತು ಅಂತ ಗುರುತು ಹಾಕಿಸಿ. ಲೇಔಟ್ ಮಂಜೂರಾದಾಗ ದಾರಿಯನ್ನು ಉಳಿಸಿದರೋ, ಬೇರೆ ಕಡೆ ತಿರುಗಿಸಿದರೋ, ಕಡತ ತೆಗೆದರೆ ಗೊತ್ತಾಗುತ್ತದೆ. ತಿರುಗಿಸಿದ್ದರೆ ಆ ತಿರುಗಿಸಿದ ದಾರಿಯನ್ನಾದರೂ ತೋರಿಸಲಿ. ಎಲ್ಲವನ್ನೂ ಬಿಡಿಸಲು ಆಗುವುದಿಲ್ಲ, ಕೆಲವು ಕಡೆ ಮನೆಗಳೇ ಎದ್ದಿವೆ. ಆದರೆ ನಮ್ಮ ಗುಡಿ ಹಿಂದಿನಂತೆ ಒಂದು ಗೋಡೆ ಮಾತ್ರ ಅಡ್ಡ ಇರುವ ಕಡೆಗಳೂ ಇವೆ. ಅಲ್ಲಿಂದ ಶುರು ಮಾಡಬಹುದು, ಅಲ್ವಾ? ಒಂದು ಗೋಡೆ ಒಡೆಯುವ ಖರ್ಚು ನಮ್ಮ ಮೇಸ್ತ್ರಿಯನ್ನು ಕೇಳಿದೆ. ಅರ್ಧ ದಿನದ ಕೂಲಿ ಅಂದ. ಮಲ್ಲೆ ಹೂವಿನ ಬಳ್ಳಿ ಹಬ್ಬಿದೆ, ಅದನ್ನು ಹುಷಾರಾಗಿ ಬಿಡಿಸಬೇಕು ಅಂತಲೂ ಹೇಳಿದ.

ಶ್ರಾವಣ ಹತ್ತಿರ ಬಂತು. ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ಬರುತ್ತಿವೆ, ಇನ್ನು ನನಗೂ ಬಿಡುವಿಲ್ಲ. ಗುರುವಾರ ಮಾತ್ರ ಅಂಗಡಿ ರಜೆ. ಬರುವ ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ನಕ್ಷೆ, ಟೇಪು ಹಿಡಿದು ಮಾರಮ್ಮನ ಗುಡಿ ಮುಂದೆ ಇರುತ್ತೇನೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತು ಅದು. ನಿಮ್ಮ ಜೀಪನ್ನು ಗುಡಿ ಹತ್ತಿರ ಬಿಟ್ಟು, ಅವರ ಜೊತೆ ಸರ್ವಿಸ್ ರೋಡಿನಲ್ಲಿ ಸ್ಕೂಲಿನವರೆಗೆ ಒಮ್ಮೆ ನಡೆಯಿರಿ. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ. ಪೆಟ್ರೋಲ್ ಬಂಕ್ ದಾಟಿದ ಮೇಲೆ ಮೂರನೇ ಚಪ್ಪಡಿ ಅಲ್ಲಾಡುತ್ತದೆ, ಅದರ ಮೇಲೆ ಕಾಲಿಡಬೇಡಿ.

ಇಂತಿ,
ಹಳೇ ಬಸ್ ಸ್ಟ್ಯಾಂಡ್ ರಸ್ತೆಯ ಟೈಲರ್